ಶಾರ್ಪ್, ಹಾರ್ನ್‌ಬ್ಲೋವರ್, ಆಬ್ರಿ: ಮೂರು ಸರಣಿಗಳನ್ನು ಓದಿ ನೋಡಿದಾಗ

ನೆಪೋಲಿಯನ್ ಕಾಲದ ಯುದ್ಧಸಾಹಸದ ಕಾದಂಬರಿಗಳನ್ನು ಓದಬಯಸುವವರಿಗೆ ಸಾಮಾನ್ಯವಾಗಿ ಮೂರು ಹೆಸರುಗಳು ಸಿಗುತ್ತವೆ: ಬರ್ನಾರ್ಡ್ ಕಾರ್ನ್‌ವೆಲ್, ಸಿ. ಎಸ್. ಫಾರೆಸ್ಟರ್, ಪ್ಯಾಟ್ರಿಕ್ ಓಬ್ರಿಯನ್. ಮೂವರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಓದಿದ ನನಗೆ ಅವರ ನಡುವಿನ ಅಂತರ ಎದ್ದು ಕಂಡಿತು.

ನಾನು ಆರಂಭಿಸಿದ್ದು ಕಾರ್ನ್‌ವೆಲ್ ಅವರ ‘ಶಾರ್ಪ್ಸ್ ಟೈಗರ್’ನಿಂದ, ಕಥೆ ನಡೆಯುವುದು 1799ರ ಶ್ರೀರಂಗಪಟ್ಟಣದಲ್ಲಿ ಎಂಬುದೇ ಅದಕ್ಕೆ ಕಾರಣ. ಮುಂಗಾರಿಗೆ ಕಾವೇರಿ ತುಂಬುವುದರೊಳಗೆ ಕೋಟೆಯನ್ನು ಹಿಡಿಯಬೇಕೆಂಬ ಬ್ರಿಟಿಷ್ ಸೇನೆಯ ಅವಸರವು ಕಥೆಗೂ ಅಂಟಿಕೊಂಡಿದೆ. ತೋಟಾದ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯುವಾಗ ನಾಲಿಗೆಗೆ ತಗಲುವ ಉಪ್ಪುಪ್ಪಾದ ಮದ್ದು, ಅದರಿಂದ ಒಣಗುವ ಬಾಯಿ, ನಿಮಿಷಕ್ಕೆ ಮೂರು ಗುಂಡು ಹಾರಿಸುವ ಕವಾಯತು ಇವೆಲ್ಲವನ್ನೂ ಕಾಲಾಳಿನ ಮಟ್ಟದಿಂದ ತೋರಿಸುವುದರಲ್ಲಿ ಕಾರ್ನ್‌ವೆಲ್ ಅವರಿಗೆ ಸಾಟಿಯಿಲ್ಲ. ಮೇ 4ರಂದು ಟಿಪ್ಪುವನ್ನು ಕೊಂದ ಸೈನಿಕ ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. ಆ ತೆರಪಿನಲ್ಲಿ ಕಾರ್ನ್‌ವೆಲ್ ತಮ್ಮ ಕಥಾನಾಯಕ, ಬ್ರಿಟಿಷ್ ಸೈನಿಕ ಶಾರ್ಪ್‌ನನ್ನೇ ತಂದು ನಿಲ್ಲಿಸಿದ್ದಾರೆ. ಅದನ್ನು ಓದುವಾಗ ನನ್ನ ಮನಸ್ಸು ನೊಂದಿತು. ಇತಿಹಾಸ ಯಾವುದು, ಕಲ್ಪನೆ ಯಾವುದು ಎಂಬುದನ್ನು ಕೊನೆಯ ಟಿಪ್ಪಣಿಯಲ್ಲಿ ಬಿಡಿಸಿ ಹೇಳಿರುವುದರಿಂದ ಅದನ್ನು ಒಪ್ಪಿಕೊಳ್ಳಲು ಸಾಧ್ಯವಾಯಿತು. ಆದರೆ ದಸರೆಯ ವಜ್ರಮುಷ್ಟಿ ಕಾಳಗವನ್ನು ಬಲ್ಲವರಿಗೆ, ಜಟ್ಟಿಗಳನ್ನು ಕೈದಿಗಳ ಕೊರಳು ತಿರುಚುವವರನ್ನಾಗಿ ಚಿತ್ರಿಸಿರುವುದು ತೀರಾ ತೆಳುವಾಗಿ ಕಾಣುತ್ತದೆ.

ಫಾರೆಸ್ಟರ್ ಅವರ ಹಾರ್ನ್‌ಬ್ಲೋವರ್ ಕಡಲಬೇನೆಯಿಂದ ನರಳುವ, ತನ್ನ ಧೈರ್ಯವನ್ನು ತಾನೇ ನಂಬದ ನೌಕಾಧಿಕಾರಿ. ಹದಿಹರೆಯದಲ್ಲಿ ತನ್ನನ್ನು ಪೀಡಿಸುವವನೊಡನೆ ದ್ವಂದ್ವಯುದ್ಧಕ್ಕೆ ನಿಲ್ಲುವಾಗ, ಎರಡು ಪಿಸ್ತೂಲುಗಳಲ್ಲಿ ಒಂದಕ್ಕೆ ಮಾತ್ರ ಗುಂಡು ತುಂಬಿರಬೇಕೆಂದು ಅವನು ಲೆಕ್ಕ ಹಾಕಿ ಕೇಳುತ್ತಾನೆ. ಆ ಒಂದು ಪ್ರಸಂಗದಲ್ಲೇ ಅವನು ಪೂರ್ತಿ ಅರ್ಥವಾಗುತ್ತಾನೆ. ಭಾಷೆ ಸರಳವಾದುದರಿಂದ, ಮೊದಲ ಬಾರಿಗೆ ಓದುವವರಿಗೆ ನಾನು ಇದನ್ನೇ ಕೊಡುತ್ತೇನೆ.

ಓಬ್ರಿಯನ್ ಮಾತ್ರ ಆರಂಭದಲ್ಲಿ ನನ್ನನ್ನು ದಣಿಸಿದರು. 1969ರ ‘ಮಾಸ್ಟರ್ ಆ್ಯಂಡ್ ಕಮಾಂಡರ್’ನಲ್ಲಿ ಹಗ್ಗ, ಹಾಯಿ, ಹಾಯಿಕಂಬಗಳ ಹೆಸರುಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ನಾನು ಹಡಗಿನ ಚಿತ್ರವೊಂದನ್ನು ಕಾಗದದಲ್ಲಿ ಬರೆದು, ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ. ಐವತ್ತು ಪುಟಗಳಾದ ಮೇಲೆ ಅದರ ಅಗತ್ಯ ಬೀಳಲಿಲ್ಲ, ಏಕೆಂದರೆ ಹಡಗಿನ ವೈದ್ಯ ಮ್ಯಾಟುರಿನ್‌ಗೂ ಆ ಪದಗಳು ಹೊಸವು, ಅವನಿಗೆ ವಿವರಿಸುವ ನೆಪದಲ್ಲಿ ನಮಗೂ ತಿಳಿಯುತ್ತಾ ಹೋಗುತ್ತದೆ. ಕಥಾನಾಯಕ, ನೌಕಾಧಿಕಾರಿ ಆಬ್ರಿಯ ಪುಟ್ಟ ಹಡಗು ತನಗಿಂತ ಬಹಳ ದೊಡ್ಡದಾದ ಸ್ಪ್ಯಾನಿಷ್ ಹಡಗನ್ನು ಸೆರೆಹಿಡಿಯುವ ಘಟನೆ ಅತಿರಂಜಿತವೆಂದು ನಾನು ಮೊದಲು ಭಾವಿಸಿದ್ದೆ. ಆದರೆ 1801ರ ಮೇ 6ರಂದು ಕಾಕ್ರನ್ ಎಂಬ ನೌಕಾಧಿಕಾರಿ 14 ಫಿರಂಗಿಗಳ ‘ಸ್ಪೀಡಿ’ಯಿಂದ 32 ಫಿರಂಗಿಗಳ ‘ಎಲ್ ಗಾಮೊ’ವನ್ನು ನಿಜವಾಗಿಯೇ ಗೆದ್ದಿದ್ದನು, ಕಾದಂಬರಿಯ ಆ ಕಾಳಗಕ್ಕೆ ಇದೇ ಮೂಲ.

ಕಾಳಗದ ರಭಸಕ್ಕೆ ಕಾರ್ನ್‌ವೆಲ್ ಸಾಕು. ಆದರೂ ನಾನು ಮರಳಿ ತೆರೆಯುವುದು ಓಬ್ರಿಯನ್ ಅವರನ್ನೇ. ಸಂಗೀತ ಕಛೇರಿಯೊಂದರಲ್ಲಿ ತಾಳ ಹಾಕಿದ್ದಕ್ಕೆ ಜಗಳವಾಡಿ ಪರಿಚಿತರಾದ ಆಬ್ರಿ ಮತ್ತು ಮ್ಯಾಟುರಿನ್, ಮುಂದೆ ಹಡಗಿನ ಕೋಣೆಯಲ್ಲಿ ಒಬ್ಬನು ಪಿಟೀಲು, ಇನ್ನೊಬ್ಬನು ಚೆಲ್ಲೋ ಹಿಡಿದು ರಾತ್ರಿ ಎದುರುಬದುರಾಗಿ ಕುಳಿತುಕೊಳ್ಳುವ ಪುಟಗಳಿಗಾಗಿ.