ಕಡಲ ಗಾಳಿಗೆ ಅಲ್ಯೂ-ಜಿಂಕ್ ಶೀಟ್ ತಡೆಯುತ್ತಾ? ಮಲ್ಪೆ ಕಡೆಯ ಅನುಭವ

2017ರಲ್ಲಿ ನಮ್ಮ ತಾರಸಿ ಮೇಲೆ ಅಲ್ಯೂ-ಜಿಂಕ್, ಅಂದರೆ ಅಲ್ಯೂಮಿನಿಯಂ-ಸತು ಬೆರೆತ ಲೇಪನದ ಬಣ್ಣದ ಉಕ್ಕಿನ ಶೀಟ್ ಹಾಕಿಸಿದೆವು. ಮನೆಯಿಂದ ಕಡಲಿಗೆ ನಡೆದೇ ಹೋಗಬಹುದು. ಇಲ್ಲಿ ಕಬ್ಬಿಣದ ಗತಿ ಏನು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಿಂದೆ ಇದ್ದ ಜಿಐ ಶೀಟ್ ತೂತು ಬಿದ್ದೇ ಹೋಗಿತ್ತು.

ಈ ಶೀಟಿನ ಮೇಲ್ಭಾಗ ಇವತ್ತಿಗೂ ಗಟ್ಟಿಯಾಗಿದೆ. ಬಣ್ಣ ಸ್ವಲ್ಪ ಮಾಸಿದೆ, ಅಷ್ಟೇ. ತುಕ್ಕು ಬಂದಿರುವುದು ಕತ್ತರಿಸಿದ ಅಂಚಿನಲ್ಲಿ, ಸ್ಕ್ರೂ ಸುತ್ತ, ಮತ್ತೆ ಮಳೆನೀರು ತಾಗದ ಕಡೆ. ಶೀಟ್ ಕೊಳ್ಳುವವರು ಲೇಪನದ ಬಗ್ಗೆ ಎಷ್ಟು ವಿಚಾರಿಸುತ್ತಾರೋ, ಅಷ್ಟೇ ಈ ಮೂರು ಜಾಗದ ಬಗ್ಗೆಯೂ ವಿಚಾರಿಸಬೇಕು.

ಜಿಐ ಶೀಟಿಗೆ ಇರುವುದು ಬರೀ ಸತುವಿನ ಲೇಪನ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಗೀರು ಬಿದ್ದರೂ ಕಾಪಾಡುತ್ತದೆ. ಆದರೆ ಉಪ್ಪಿನ ಗಾಳಿಗೆ ಅದು ಬೇಗ ಮುಗಿದುಹೋಗುತ್ತದೆ. ಅಲ್ಯೂ-ಜಿಂಕ್ ಲೇಪನದಲ್ಲಿ ತೂಕಕ್ಕೆ ಶೇ. 55 ಅಲ್ಯೂಮಿನಿಯಂ, ಸುಮಾರು 43.5 ಸತು, ಉಳಿದದ್ದು ಸಿಲಿಕಾನ್. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಇದನ್ನು 1972ರಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಯೂಮಿನಿಯಂ ಮೇಲೆ ಕೂರುವ ತೆಳು ಪೊರೆ ಇದನ್ನು ನಿಧಾನಕ್ಕೆ ಸವೆಯುವಂತೆ ಮಾಡುತ್ತದೆ. ಸತು ಕಡಿಮೆ ಇರುವುದರಿಂದ ಅಂಚು ಕಾಯುವ ಶಕ್ತಿಯೂ ಕಡಿಮೆ. ನಮ್ಮಲ್ಲಿ ಅಂಚಿನ ಬಣ್ಣ ಗುಳ್ಳೆ ಎದ್ದು ಬಿಟ್ಟುಕೊಂಡಿದ್ದು ಇದಕ್ಕೇ.

ಕೆಲಸದವರು ಗ್ರೈಂಡರ್ ಹಿಡಿದು ಕತ್ತರಿಸಿದ ಕಡೆ ಇನ್ನೂ ಹಾಳು. ಆ ಬಿಸಿಗೆ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಹಾರುವ ಕಬ್ಬಿಣದ ಪುಡಿ ಶೀಟಿಗೆ ಅಂಟಿಕೊಂಡು, ಮೊದಲ ಮಳೆಗೇ ಕೆಂಪು ಚುಕ್ಕೆ ಏಳುತ್ತದೆ. ಕತ್ತರಿಯಲ್ಲೇ ಕತ್ತರಿಸಿ ಅಂತ ಮೊದಲೇ ಹೇಳಿ, ಸಂಜೆ ಶೀಟ್ ಪೂರ್ತಿ ಗುಡಿಸಿಸಿ. ಸ್ಕ್ರೂ ವಿಷಯದಲ್ಲಿ ನಾಲ್ಕು ಕಾಸು ಉಳಿಸಲು ಹೋಗಬೇಡಿ. ಶೀಟ್ ಗಟ್ಟಿಯಾಗಿದ್ದರೂ ಸಾದಾ ಸ್ಕ್ರೂವಿನ ತಲೆ ತುಕ್ಕು ಹಿಡಿದು, ವಾಷರ್ ಸಡಿಲವಾಗಿ, ನೀರು ಇಳಿಯಲು ಶುರುವಾಗುತ್ತದೆ.

ನನಗೆ ಅತೀ ಬೇಸರ ತಂದದ್ದು ಪಡುವಣ ಕಡೆಯ ಸೂರಿನ ಅಡಿಭಾಗ. ಮೇಲೆ ಕೂತ ಉಪ್ಪನ್ನು ಜೂನ್ ಮಳೆ ತೊಳೆದುಬಿಡುತ್ತದೆ. ಅಡಿಯಲ್ಲಿ ಉಪ್ಪು ಹಾಗೇ ಉಳಿಯುತ್ತದೆ. ಅಲ್ಲಿ ಮೊದಲು ಬಿಳಿ ಪುಡಿ ಬಂತು, ಆಮೇಲೆ ಬಣ್ಣ ಎದ್ದಿತು. ಈಗ ಬೇಸಿಗೆಯಲ್ಲಿ ಆಗಾಗ ಬಾವಿ ನೀರನ್ನು ಪೈಪಿನಲ್ಲಿ ಹೊಡೆದು ತೊಳೆಯುತ್ತೇವೆ. ಆಮೇಲೆ ಬಣ್ಣ ಏಳುವುದು ಮುಂದಕ್ಕೆ ಹಬ್ಬಿಲ್ಲ. ಈ ಸಾಲು ಸುಮ್ನೆ ಓದಿ ಬಿಡಬೇಡಿ, ಇಷ್ಟು ಕಡಿಮೆ ಖರ್ಚಿನ ಬೇರೆ ಉಪಾಯ ನಾನು ಕಂಡಿಲ್ಲ. ಇನ್ನೊಂದು, ಸೋಲಾರ್ ವಾಟರ್ ಹೀಟರಿನ ತಾಮ್ರದ ಪೈಪಿನಿಂದ ತೊಟ್ಟಿಕ್ಕುವ ನೀರು ಶೀಟ್ ಮೇಲೆ ಬೀಳದಂತೆ ನೋಡಿಕೊಳ್ಳಿ. ತಾಮ್ರ ತಾಗಿದ ನೀರು ಈ ಲೇಪನವನ್ನು ತಿಂದುಹಾಕುತ್ತದೆ. ಹಸಿ ಸಿಮೆಂಟ್ ಕೂಡ ಆಗುವುದಿಲ್ಲ.

ಸೋಲಾರ್ ಪ್ಯಾನೆಲ್ ಹಾಕಿಸುವಾಗ ಸ್ಟ್ಯಾಂಡಿಗೆ ಸತು-ಅಲ್ಯೂಮಿನಿಯಂ-ಮೆಗ್ನೀಸಿಯಂ ಲೇಪನದ ಉಕ್ಕನ್ನೇ ಕೇಳಿ ತರಿಸಿದೆ. ಜಪಾನಿನ ನಿಶಿನ್ ಸ್ಟೀಲ್ 2000ದ ಹೊತ್ತಿಗೆ ಇಂಥದ್ದನ್ನು ಮಾರಲು ಶುರುಮಾಡಿತು. ಅವರ ಲೇಪನದಲ್ಲಿ ಶೇ. 6 ಅಲ್ಯೂಮಿನಿಯಂ, ಶೇ. 3 ಮೆಗ್ನೀಸಿಯಂ. ಈಗ ಭಾರತದಲ್ಲೂ ಈ ಬಗೆಯ ಉಕ್ಕು ತಯಾರಾಗುತ್ತದೆ. ಮೊದಲ ಮಳೆಗಾಲದಲ್ಲಿ ಇದರ ಅಂಚಿನಲ್ಲೂ ಕೆಂಪು ಕಂಡಿತು. ತಂದುಕೊಟ್ಟವರಿಗೆ ಫೋಟೋ ಕಳಿಸಿದೆ. ಸ್ವಲ್ಪ ಕಾಯಿರಿ ಸಾರ್ ಅಂದರು. ಅವರು ಹೇಳಿದ್ದು ನಿಜವಾಯಿತು. ಲೇಪನದಿಂದ ಕರಗಿದ ಸತು, ಮೆಗ್ನೀಸಿಯಂ ಅಂಚಿನ ಮೇಲೆ ಹರಡಿ ದಟ್ಟವಾದ ಪೊರೆ ಕಟ್ಟುತ್ತದೆ. ಕೆಂಪು ಹೋಗಿ ಬೂದು ಬಣ್ಣ ಬಂತು, ಡ್ರಿಲ್ ಮಾಡಿದ ತೂತಿನ ಒಳಗೂ ಕೂಡ. ಕಡಲ ಹತ್ತಿರ ಇನ್ನೊಮ್ಮೆ ಏನೇ ಕಟ್ಟಿಸಿದರೂ ನಾನು ಇದನ್ನೇ ಆರಿಸುತ್ತೇನೆ, ದರ ಜಾಸ್ತಿ ಆದರೂ.

ಅಂಗಡಿಯಲ್ಲಿ ಶೀಟ್ ದಪ್ಪ ಮಾತ್ರ ಕೇಳಿ ಬರಬೇಡಿ, ಲೇಪನ ಎಷ್ಟು ಅಂತಲೂ ಕೇಳಿ. ಅಲ್ಯೂ-ಜಿಂಕ್ ಶೀಟಿನಲ್ಲಿ ಎಜಡ್ (AZ) 150 ಅಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪನ. ಅದಕ್ಕಿಂತ ಕಡಿಮೆಯದ್ದು ಕರಾವಳಿಗೆ ಬೇಡ. ವಾರಂಟಿ ಪತ್ರವನ್ನು ದುಡ್ಡು ಕೊಡುವ ಮುಂಚೆಯೇ ಓದಿ. ಕಡಲಿನಿಂದ ಇಂತಿಷ್ಟು ದೂರದೊಳಗೆ ಮನೆ ಇದ್ದರೆ ಅನ್ವಯಿಸುವುದಿಲ್ಲ ಅನ್ನುವ ಸಾಲು ಎಷ್ಟೋ ಪತ್ರಗಳಲ್ಲಿ ಇರುತ್ತದೆ.