ಮೂರು ಚೆಂಡಿನ ಸ್ಪೈರೋಮೀಟರ್: ಟ್ರಾಮಾ ವಾರ್ಡಿನ ನರ್ಸ್ ಕಂಡಂತೆ

ಪಕ್ಕೆಲುಬು ಮುರಿದುಕೊಂಡು ಬಂದವರ ಕೈಗೆ ನಾನು ಕೊಡುವ ಆಟಿಕೆ ಇದು. ಮೂರು ಪ್ಲಾಸ್ಟಿಕ್ ಕೊಳವೆ, ಒಳಗೆ ಒಂದೊಂದು ಚೆಂಡು, ಬಾಯಿಗಿಡಲು ಒಂದು ಪೈಪು. ಕಂಡ ಕೂಡಲೇ ಎಲ್ಲರೂ ಬಲೂನಿನಂತೆ ಊದುತ್ತಾರೆ. ಊದಬಾರದು, ಎಳೀಬೇಕು. ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ.

ನೋವಿಗೆ ಹೆದರಿ ಇವರು ಮೇಲುಮೇಲೆ ಉಸಿರಾಡುತ್ತಾರೆ. ಶ್ವಾಸಕೋಶದ ತಳ ಅರಳುವುದಿಲ್ಲ, ಕಫ ಅಲ್ಲೇ ಕೂರುತ್ತದೆ, ಹಿಂದೆಯೇ ನ್ಯುಮೋನಿಯಾ. ಅದಕ್ಕೇ ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಳೆಸುವುದು.

ಇದರ ದೊಡ್ಡ ದೋಷ ಆ ಚೆಂಡುಗಳೇ. ಕೊಳವೆಗಳ ಮೇಲೆ ಬರೆದ 600, 900, 1200 ಅನ್ನುವುದು ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಎಂಬ ವೇಗ. ಒಟ್ಟು ಎಷ್ಟು ಗಾಳಿ ಒಳಗೆ ಹೋಯಿತೆಂದು ಅದು ಹೇಳುವುದಿಲ್ಲ. ಗಬಕ್ಕನೆ ಎಳೆದರೆ ಮೂರೂ ಹಾರುತ್ತವೆ. ಸ್ವಲ್ಪ ಓರೆಯಾಗಿ ಹಿಡಿದರೆ ಇನ್ನೂ ಸುಲಭ!

ಬೈಕಿನಿಂದ ಬಿದ್ದ ಹುಡುಗನೊಬ್ಬ “ಸಿಸ್ಟರ್, ಮೂರೂ ಮೇಲೆ ಹೋದ್ವು” ಅಂತ ಬೀಗಿದ. ಸ್ಟೆತಸ್ಕೋಪ್ ಇಟ್ಟರೆ ಬಲಗಡೆ ತಳದಲ್ಲಿ ಸದ್ದೇ ಕಡಿಮೆ. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಪ್ರೋಬ್ ಶೇಕಡ 92 ತೋರಿಸುತ್ತಿತ್ತು. ನಮ್ಮ ಗುರಿ 94ರ ಮೇಲೆ. ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು, ತಲೆಕಡೆ ಎತ್ತಿ ಕೂರಿಸಿ, ಪಕ್ಕೆಗೆ ದಿಂಬು ಒತ್ತಿ ಹಿಡಿಸಿದೆ. “ಒಂದೇ ಚೆಂಡು ಸಾಕು. ನಿಧಾನಕ್ಕೆ ಎಳಿ, ನಾನು ಮೂರು ಎಣಿಸೋವರೆಗೂ ಕೆಳಗೆ ಬೀಳಿಸಬೇಡ.” ಮೊದಲ ಸಲ ಎರಡಕ್ಕೇ ಬಿತ್ತು. ಆರನೇ ಸಲಕ್ಕೆ ನಿಂತಿತು. ಆಮೇಲೆ ದಿಂಬು ಅಪ್ಪಿಕೊಂಡೇ ಕೆಮ್ಮಿದ, ಗಟ್ಟಿ ಕಫ ಬಂತು. ನೋವು ತಗ್ಗಿಸದೆ ಇದನ್ನು ಕೈಗೆ ಕೊಡುವುದು ಸುಮ್ಮನೆ ಹಿಂಸೆ.

ಇನ್ನೊಂದು ತಕರಾರು: ಪೈಪಿನ ಜೋಡಣೆ ಸಡಿಲ. ಗಾಳಿ ಸೋರಿ ಚೆಂಡು ಅಲುಗದಿದ್ದರೆ ರೋಗಿ ತನ್ನ ಉಸಿರೇ ಹೋಯಿತೆಂದು ಕಂಗಾಲಾಗುತ್ತಾನೆ.

ಆಯ್ಕೆ ನನ್ನದಾದರೆ ಪಿಸ್ಟನ್ ಏರುವ ಮಾದರಿಯನ್ನೇ ತರಿಸುತ್ತೇನೆ. ಎಳೆದ ಗಾಳಿಯ ಪ್ರಮಾಣ ನೇರ ಕಾಣುತ್ತದೆ, ದಿನದಿನದ ಗುರಿಗೆ ಗುರುತಿನ ಗುಂಡಿಯೂ ಇರುತ್ತದೆ. ಆದರೆ ನಿಮಿಷಕ್ಕೆ 30ರ ಮೇಲೆ ಉಸಿರು ಬಡಿದುಕೊಳ್ಳುವವರಿಗೆ ಇದೂ ಬೇಡ, ಅದೂ ಬೇಡ. ಮೊದಲು ಡಾಕ್ಟರನ್ನು ಕರೆಯಬೇಕು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅರ್ಧ ಅಂಕ ನನ್ನದೇ ತಪ್ಪಿಗೆ ಕಳೆಯಬೇಕಿತ್ತು: ಬಹಳ ದಿನ ಇದನ್ನು ಮುರಿದ ಪಕ್ಕೆಯ ಕಡೆಯ ಮೇಜಿನ ಮೇಲೇ ಇಡುತ್ತಿದ್ದೆ. ಯಾರ ಕೈಯೂ ಎಟಕುತ್ತಿರಲಿಲ್ಲ.