ಶಿಲುಬೆ, ವಾಕ್ಯದ ಫಲಕ, ಎಣ್ಣೆ ಬಾಟಲಿ: ಬಳ್ಳಾರಿಯ ಒಂದು ಕ್ರೈಸ್ತ ಅಂಗಡಿ

ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಸಭೆ), ಕಥೋಲಿಕ, ಪೆಂತೆಕೊಸ್ತ ಮೂರೂ ಕಡೆಯವರು ಒಂದೇ ಕೌಂಟರಿಗೆ ಬರುವ ಅಂಗಡಿ ಇದು. ಜಾಗ ಇಕ್ಕಟ್ಟು, ಸರಕು ಮಾತ್ರ ದಂಡಿ, ಚೌಕಾಸಿ ನಡೆಯುವುದಿಲ್ಲ. ವಿಗ್ರಹ ಮಾಡಿಕೊಳ್ಳಬೇಡಿ ಎಂದ ಬೈಬಲನ್ನೂ ಪ್ರತಿಮೆಯನ್ನೂ ಒಟ್ಟಿಗೆ ಮಾರುವುದೇನು ಎಂದು ಬಾಗಿಲಲ್ಲೇ ತಕರಾರು ತೆಗೆಯುವವರಿದ್ದಾರೆ. ಆದರೆ ಪ್ರತಿಮೆಯ ಕಪಾಟಿಗಿಂತ ಗಲ್ಲಾಪೆಟ್ಟಿಗೆ ಪಕ್ಕದ ಎಣ್ಣೆ ಬಾಟಲಿಗಳ ಬಗ್ಗೆ ಹೆಚ್ಚು ತಕರಾರು ಮಾಡಬೇಕು.

ಮೊದಲು ದಶಾಜ್ಞೆಗಳ, ಅಂದರೆ ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳ ಚಾರ್ಟು. ಸಂಡೇ ಸ್ಕೂಲಿಗೆಂದು ಒಯ್ದವರು "ತಪ್ಪು ಅಚ್ಚಾಗಿದೆ" ಎಂದು ವಾಪಸ್ ತರುವ ಮಾಲು ಇದು. ಅಚ್ಚು ಸರಿಯಾಗಿಯೇ ಇರುತ್ತದೆ. ಬೈಬಲಿನ ವಿಮೋಚನಕಾಂಡ 20ರಲ್ಲಿ ಆಜ್ಞೆಗಳಿಗೆ ಒಂದು, ಎರಡು ಎಂದು ನಂಬರು ಹಾಕಿಲ್ಲ. ಸಿಎಸ್‌ಐಯವರ ಎಣಿಕೆಯಲ್ಲಿ ವಿಗ್ರಹದ ಮಾತು ಎರಡನೇ ಆಜ್ಞೆ. ಕಥೋಲಿಕರು ಅದನ್ನು ಮೊದಲನೆಯದರಲ್ಲೇ ಸೇರಿಸಿ, ಪರರ ಸೊತ್ತಿಗೆ ಆಸೆಪಡಬೇಡ ಎಂಬ ಕೊನೆಯದನ್ನು ಒಂಬತ್ತು, ಹತ್ತು ಎಂದು ಎರಡಾಗಿ ಎಣಿಸುತ್ತಾರೆ. ಅವರ ಚಾರ್ಟಿನಲ್ಲಿ ಚುಟುಕಾಗಿ ಬರೆಯುವಾಗ ವಿಗ್ರಹದ ಸಾಲು ಕಾಣೆಯಾದಂತೆ ತೋರುತ್ತದೆ, ಅವರ ಬೈಬಲಿನಲ್ಲಿ ಪೂರ್ತಿ ಇದೆ. ಸುರುಳಿ ಬಿಚ್ಚಿ ಎರಡನೇ ಸಾಲು ಓದಿ, ನಿಮ್ಮ ಸಭೆಯ ಎಣಿಕೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಪ್ರತಿಮೆಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್, ಫೈಬರ್ ಎರಡೂ ಸಿಗುತ್ತವೆ. ಪ್ಲಾಸ್ಟರಿನದು ಸಿರುಗುಪ್ಪದ ಬಸ್ಸಿನಲ್ಲಿ ಊರು ಸೇರುವಷ್ಟರಲ್ಲಿ ಬೆರಳು ಕಳೆದುಕೊಂಡಿರುತ್ತದೆ. ದೂರದವರು ಫೈಬರ್ ಒಯ್ಯುವುದು ಲೇಸು. ಇನ್ನು ತಕರಾರಿನ ವಿಷಯ. ಅದೇ ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ಮಂಜೂಷದ (ಆಜ್ಞೆಯ ಹಲಗೆಗಳನ್ನಿಡುವ ಪೆಟ್ಟಿಗೆಯ) ಮೇಲೆ ಎರಡು ಬಂಗಾರದ ಕೆರೂಬಿಗಳನ್ನು, ಅಂದರೆ ರೆಕ್ಕೆಯ ದೇವದೂತರ ಪ್ರತಿಮೆಗಳನ್ನು ಮಾಡಿಸು ಎಂಬ ಅಪ್ಪಣೆಯಿದೆ. ಅರಣ್ಯಕಾಂಡ 21ರಲ್ಲಿ ಮೋಶೆ ತಾಮ್ರದ ಸರ್ಪ ಮಾಡಿ ಕಂಬಕ್ಕೇರಿಸಿದ, ಅದೂ ದೇವರ ಮಾತಿನಂತೆಯೇ. ಮುಂದೆ ಜನ ಅದಕ್ಕೆ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ (2 ಅರಸು 18:4). ಸರ್ಪ ಅದೇ ಇತ್ತು, ಜನರ ನಡೆ ಬದಲಾಗಿತ್ತು. ಗೌರವ ಬೇರೆ, ಆರಾಧನೆ ಬೇರೆ ಎಂದು ಕ್ರಿ.ಶ. 787ರಲ್ಲಿ ಬಿಷಪ್‌ಗಳು ಸೇರಿದ್ದ ಎರಡನೇ ನೈಸಿಯ ಮಹಾಸಭೆ ಗೆರೆ ಎಳೆದದ್ದನ್ನು ಕಥೋಲಿಕರು ಒಪ್ಪುತ್ತಾರೆ, ಪೆಂತೆಕೊಸ್ತದವರು ಒಪ್ಪುವುದಿಲ್ಲ. ಅಂಗಡಿಯವರು ಇದರಲ್ಲಿ ತಲೆಹಾಕದೆ ಪ್ಯಾಕ್ ಮಾಡಿ ಕೊಡುತ್ತಾರೆ, ಅದು ಜಾಣತನ.

ಎಣ್ಣೆಯ ವಿಷಯದಲ್ಲಿ ಆ ಜಾಣತನವಿಲ್ಲ. ಬೆರಳುದ್ದದ ಬಾಟಲಿ, ಅದರ ಚೀಟಿಯ ಮೇಲೆ ಸಾಲ ತೀರುತ್ತದೆ, ಕೆಲಸ ಸಿಗುತ್ತದೆ ಎಂಬ ಆಶ್ವಾಸನೆ. ಯಾಕೋಬ 5:14ರಲ್ಲಿ ಎಣ್ಣೆ ಹಚ್ಚುವುದು ಸಭೆಯ ಹಿರಿಯರು, ರೋಗಿಯ ಹತ್ತಿರ, ಪ್ರಾರ್ಥನೆಯೊಂದಿಗೆ. ಕಾಪಾಡುವುದು ಪ್ರಾರ್ಥನೆ ಎಂದು ಮುಂದಿನ ವಚನವೇ ಹೇಳುತ್ತದೆ. ಕಥೋಲಿಕರಲ್ಲಿ ರೋಗಿಗಳಿಗೆ ಹಚ್ಚುವ ಎಣ್ಣೆಯನ್ನು ವಾಡಿಕೆಯಾಗಿ ಪವಿತ್ರ ವಾರದ ಪೂಜೆಯಲ್ಲಿ ಬಿಷಪ್ ಆಶೀರ್ವದಿಸುತ್ತಾರೆ, ಅದು ಕೌಂಟರಿನಲ್ಲಿ ಸಿಗುವಂಥದ್ದಲ್ಲ. ಬಾಟಲಿಯೇ ಸಾಲ ತೀರಿಸುತ್ತದೆಂದು ಕಪಾಟಿನಲ್ಲಿಟ್ಟರೆ ತಾಮ್ರದ ಸರ್ಪಕ್ಕೆ ಧೂಪ ಹಾಕಿದ ಹಾಗೆಯೇ. ನಿಜವಾಗಿ ಬೇಕಿದ್ದವರು ಶುದ್ಧ ಆಲಿವ್ ಎಣ್ಣೆಯನ್ನು ಕಿರಾಣಿಯಲ್ಲಿ ಕೊಂಡು ತಮ್ಮ ಸಭೆಯ ಅಯ್ಯನವರಿಗೆ (ಪಾದ್ರಿಗೆ) ಕೊಡಲಿ.

ವಾಕ್ಯದ ಫಲಕಗಳು ಚೆನ್ನಾಗಿವೆ, ತೂಗುಹಾಕುವುದು ಗೊತ್ತಿದ್ದರೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಫಲಕಕ್ಕೆ ಗೋಡೆಯ ತೇವ ತಾಗಿದರೆ ಅಂಚು ಉಬ್ಬುತ್ತದೆ. ಅಂಗಡಿಯವರು ಕೊಡುವ ಎರಡು ಬದಿಯ ಟೇಪು ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತದೆ, ಅದರಲ್ಲೂ ಪಡುವಣ ಗೋಡೆಯಲ್ಲಿ. ಹಿಂದೆ ಎರಡು ಕೊಕ್ಕೆ ಹಾಕಿಸಿಕೊಂಡು ಸ್ಕ್ರೂ ಹೊಡೆಯಿರಿ. ಸಿಗುವ ವಾಕ್ಯಗಳೆಲ್ಲ ಆಶೀರ್ವಾದದವೇ. ದುರಾಸೆಯೂ ವಿಗ್ರಹಾರಾಧನೆಯೇ ಎನ್ನುವ ಕೊಲೊಸ್ಸೆ 3:5 ಇಲ್ಲ, ಗಣಿ ದುಡ್ಡು ಕಂಡ ಊರಿನಲ್ಲಿ ಅದು ಇರಬೇಕಿತ್ತು. ಕೇಳಿದರೆ ಮಾಡಿಸಿಕೊಡುತ್ತಾರೆ. ಆದರೆ ಕತ್ತರಿಸುವ ಮುಂಚೆ ಪ್ರೂಫ್ ವಾಟ್ಸ್ಆ್ಯಪಿಗೆ ತರಿಸಿಕೊಂಡು ಒತ್ತಕ್ಷರ ನೋಡಿ. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಬದಲಿಸುವಾಗ "ಕೊಲೊಸ್ಸೆ"ಯ ಸಕಾರದ ಒತ್ತು ಕಿತ್ತುಬರುವ ಸಂಭವವಿದೆ, ಕತ್ತರಿಸಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ.